ಕಸ ಮೀನು ಅನ್ನೋ ಮುಂಚೆ ಅದರ ಹೊಟ್ಟೆ ಒಮ್ಮೆ ಬಿಚ್ಚಿ ನೋಡ್ರಿ

ಸಂಪಾದಕರಿಗೆ ನಮಸ್ಕಾರ,

ನಾನು ಹರಿಹರ ತಾಲ್ಲೂಕಲ್ಲಿ ಸಣ್ಣದೊಂದು ಲೇಯರ್ ಕೋಳಿ ಫಾರಂ ನಡಸ್ತೀನಿ. ಫೀಡ್ ನಾವೇ ಮಿಕ್ಸ್ ಮಾಡ್ಕೋತೀವಿ, ಮೆಕ್ಕೆಜೋಳ ನಮ್ಮ ದಾವಣಗೆರೆ ಕಡೆ ಬೇಕಾದಷ್ಟು ಸಿಗುತ್ತೆ, ಸೋಯಾ ಹಿಂಡಿ ಅಂಗಡಿಯಿಂದ ತರ್ತೀವಿ, ಅದ್ರ ಜೊತೆ ಕರಾವಳಿಯಿಂದ ಬರೋ ಒಣಮೀನು ಮೂಟೆ. ವ್ಯಾಪಾರದಲ್ಲಿ ಇದಕ್ಕೆ ಕಸ ಮೀನು ಅಂತಾರೆ. ಟ್ರಾಲ್ ಬೋಟಿನವರು ಸಿಗಡಿಗೋ ಬೊಂಡಾಸಿಗೋ (ಸ್ಕ್ವಿಡ್) ಬಲೆ ಎಳೆದಾಗ ಜೊತೆಗೇ ಬಿದ್ದು ಬರೋ, ಯಾರೂ ರೇಟ್ ಕಟ್ಟದ ಸಣ್ಣ ಮೀನು. ಎಷ್ಟೋ ವರ್ಷದಿಂದ ನಾನೂ ಹಂಗೇ ಕರೀತಿದ್ದೆ.

ಹೋದ ತಿಂಗಳು ಒಂದು ಮೂಟೇಲಿ ಮರಳು ಜಾಸ್ತಿ ಅನ್ನಿಸ್ತು, ಟಾರ್ಪಾಲ್ ಮೇಲೆ ಸುರುವಿ ಜರಡಿ ಹಿಡಿಯೋಕೆ ಕೂತೆ. ಒಂಬತ್ತನೇ ಕ್ಲಾಸಿನ ಮಗಳು ಭೂತಗನ್ನಡಿ ತಂದು ಪಕ್ಕ ಕೂತ್ಲು. ಒಂದ್ರೂಪಾಯಿ ನಾಣ್ಯದಷ್ಟು ಸಿಲ್ವರ್‌ಬೆಲ್ಲಿ ಮೀನು, ಹುಣಸೆ ಎಲೆ ಕಡ್ಡಿ ಥರ ಒಣಗಿದ ಪಾಂಬೊಲ್ ಮರಿ, ಬೆರಳುದ್ದಾನೂ ಇಲ್ಲದ ನಂಗ್ ಅನ್ನೋ ಚಪ್ಪಟೆ ಮೀನು, ಏಡಿ ಕಾಲು, ಚಿಪ್ಪು ಎಲ್ಲಾ ಬಂತು. ಮುಕ್ಕಾಲು ಪಾಲು ಮರಿಗಳೇ. ಮಗಳು ಕೇಳಿದ್ಲು, ಅಪ್ಪ ಇವು ಬದುಕಿದ್ದಾಗ ಏನು ತಿಂತಿದ್ವು ಅಂತ. ನನ್ನತ್ರ ಉತ್ತರ ಇರ್ಲಿಲ್ಲ.

ಆ ಭಾನುವಾರ ದಾವಣಗೆರೆ ಮೀನು ಮಾರ್ಕೆಟ್ಟಿಗೆ ಹೋಗಿ, ಐಸ್ ಬಾಕ್ಸಿನ ತಳದಲ್ಲಿ ಉಳಿದ ಬೆರಕೆ ಮೀನು ಕೊಡ್ರಿ ಅಂದೆ, ಅಂಗಡಿ ಅಣ್ಣ ಬೆಕ್ಕಿಗಾ ಅಂತ ಕೇಳಿ ಒಂದು ಕವರ್ ತುಂಬಿ ಕೊಟ್ಟ. ಮನೇಲಿ ಪೇಪರ್ ಹಾಸಿ ಬ್ಲೇಡ್ ಹಿಡಿದು ಕೂತ್ವಿ.

ಮೊದಲು ಪಾಂಬೊಲ್. ಬೆಳ್ಳಿ ಪಟ್ಟಿ ಥರ ಉದ್ದಕ್ಕೆ ಇರುತ್ತಲ್ಲ, ಬಾಯಿ ತೆಗೆದ್ರೆ ನಾಯಿ ಕೋರೆ ಥರ ಹಲ್ಲು. ಹೊಟ್ಟೆ ಅಂದ್ರೆ ಒಂದು ಉದ್ದನೆ ಚೀಲ, ರಬ್ಬರ್ ಥರ ಹಿಗ್ಗುತ್ತೆ, ಕರುಳು ಗಿಡ್ಡ. ಚೀಲ ಕುಯ್ದಾಗ ಒಳಗೆ ಮೂರು ಮನಂಗು (ಆಂಚೊವಿ) ಮೀನು ಇಡಿಯಾಗಿ ಸಿಕ್ವು, ಅವುಗಳ ಜೊತೆ ಅರ್ಧ ಕರಗಿದ ಇನ್ನೊಂದು ಸಣ್ಣ ಪಾಂಬೊಲ್ಲೇ ಇತ್ತು. ತನ್ನ ಜಾತೀನೇ ತಿನ್ನೋದು ಈ ಮೀನಿಗೆ ಮಾಮೂಲಂತೆ, ಆಮೇಲೆ ಓದಿ ತಿಳ್ಕೊಂಡೆ. ಮರಿ ಇದ್ದಾಗ ಸಣ್ಣ ಸಿಗಡಿ ಅಂಥದ್ದು ತಿಂದು, ದೊಡ್ಡದಾದ ಮೇಲೆ ಮೀನಿಗೆ ಕೈ ಹಾಕುತ್ತೆ.

ಬೂತಾಯಿ (ಸಾರ್ಡೀನ್) ಪೂರ್ತಿ ಉಲ್ಟಾ. ಹಲ್ಲು ಅನ್ನೋದೇ ಕಾಣಲ್ಲ, ಕಿವಿರು ಎತ್ತಿದ್ರೆ ಹೇನು ಬಾಚಣಿಗೆಗಿಂತ ಸಣ್ಣ ಹಲ್ಲಿನ ಸಾಲು. ನೀರು ಆ ಬಾಚಣಿಗೇಲಿ ಸೋಸಿ ಹೋಗಿ, ಕಣ್ಣಿಗೆ ಕಾಣದ ಡಯಾಟಮ್ ಪಾಚಿ, ಸಣ್ಣ ಹುಳ ಒಳಗೆ ಉಳಿಯುತ್ತೆ. ಕರುಳು ಬಿಡಿಸ್ತಾ ಹೋದ್ರೆ ದಾರದ ಉಂಡೆ, ಬಿಡಿಸಿದಷ್ಟೂ ಬರುತ್ತೆ. ಪಾಚಿ, ಸೊಪ್ಪು ಜೀರ್ಣ ಆಗೋಕೆ ಉದ್ದ ಕರುಳು ಬೇಕು, ಮಾಂಸಕ್ಕೆ ಗಿಡ್ಡದೇ ಸಾಕು. ಸೂಳೆಕೆರೆ ರೋಹು ಕುಯ್ದೋರಿಗೆ ಇದು ಗೊತ್ತೇ ಇರುತ್ತೆ, ಅದಕ್ಕಂತೂ ಬೇರೆ ಜಠರಾನೇ ಇಲ್ಲ, ಗಂಟಲೊಳಗೆ ಹಲ್ಲು, ಮುಂದೆಲ್ಲಾ ಕರುಳೇ ಕರುಳು.

ನನ್ನ ಮನಸ್ಸು ಕಲಕಿದ್ದು ಆ ನಾಣ್ಯದಷ್ಟು ಸಿಲ್ವರ್‌ಬೆಲ್ಲಿ. ಬಾಯಿ ಚಿಮಟದಲ್ಲಿ ಹಿಡಿದು ಎಳೆದ್ರೆ ಕೊಳವೆ ಥರ ಮುಂದಕ್ಕೆ ಬಂತು, ಬಿಟ್ರೆ ಒಳಗೆ ಮಡಚ್ಕೊಂತು, ಮಗಳು ಹತ್ತು ಸಲ ಮಾಡಿ ನೋಡಿದ್ಲು. ಆ ಕೊಳವೇಲೇ ಸಣ್ಣ ಹುಳ ಉಪ್ಪಟೆ ಎಳ್ಕೊಳ್ಳೋದು. ಅದರ ಅನ್ನನಾಳದ ಸುತ್ತ ಉಂಗುರದ ಹಂಗೆ ಒಂದು ಅಂಗ ಐತೆ, ಅದರೊಳಗೆ ಬೆಳಕು ಕೊಡೋ ಬ್ಯಾಕ್ಟೀರಿಯಾ ಸಾಕ್ಕೊಂಡಿರುತ್ತೆ, ಆ ಬೆಳಕು ಹೊಟ್ಟೆ ಕಡೆಯಿಂದ ಕೆಳಕ್ಕೆ ಬೀಳುತ್ತೆ, ಕೆಳಗಿಂದ ನೋಡೋ ಶತ್ರು ಮೀನಿಗೆ ಇದರ ನೆರಳು ಕಾಣಬಾರದು ಅಂತ. ಗಂಟಲಲ್ಲಿ ದೀಪ ಇಟ್ಕೊಂಡಿರೋ ಜೀವಾನ ನಾನು ಕಿಲೋ ಲೆಕ್ಕದಲ್ಲಿ ಕೋಳಿಗೆ ಹಾಕ್ತಿದ್ದೆ ಸರ್.

ನಂಗ್ ಮೀನು ಹುಟ್ಟುವಾಗ ಎಲ್ಲಾ ಮೀನಿನಂಗೇ ಎರಡು ಕಡೆ ಎರಡು ಕಣ್ಣು, ಬೆಳೀತಾ ಒಂದು ಕಣ್ಣು ತಲೆ ದಾಟಿ ಆ ಕಡೆಗೆ ಹೋಗಿ ಬಾಯಿ ಸೊಟ್ಟ ಆಗುತ್ತೆ, ಕೆಸರಲ್ಲಿ ಮಗ್ಗಲಾಗಿ ಮಲಗಿ ಹುಳ ತಿನ್ನೋಕೆ ಅದೇ ಅನುಕೂಲ.

ಮೀನು ಕೊಳ್ಳೋರಿಗೆ ಒಂದು ಮಾತು, ಬೂತಾಯಿ ಹೊಟ್ಟೆ ಒಡೆದಿದ್ರೆ ಬರೀ ಒತ್ತಡಕ್ಕೆ ಅಂತ ತಿಳೀಬೇಡ್ರಿ. ಹೊಟ್ಟೆ ತುಂಬ ತಿಂದಾಗಲೇ ಬಲೆಗೆ ಬಿದ್ದು, ಐಸ್ ಹಾಕೋದು ತಡ ಆದ್ರೆ, ಅದರದೇ ಜೀರ್ಣರಸ ಅದರ ಹೊಟ್ಟೆ ಗೋಡೆ ತಿಂದು ಹಾಕುತ್ತೆ.

ಈಗ ನನ್ನ ವಿಷಯಕ್ಕೆ ಬರ್ತೀನಿ. ಪಾಚಿ, ಸಣ್ಣ ಹುಳ ತಿನ್ನೋದನ್ನ ಬೂತಾಯಿ, ಮನಂಗು ಮಾಡುತ್ವೆ, ಅವನ್ನ ಪಾಂಬೊಲ್, ಅಂಜಲ್ ತಿಂತಾವೆ, ಆ ಅಂಜಲ್ಲಿಗೆ ನಾವು ದಾವಣಗೆರೇಲಿ ಕೇಳಿದಷ್ಟು ದುಡ್ಡು ಕೊಡ್ತೀವಿ. ನಡುವಿನ ಮೆಟ್ಟಿಲನ್ನೇ ಮೂಟೆ ಕಟ್ಟಿ ಫೀಡಿಗೆ ಹಾಕಿದ್ರೆ ಅಂಜಲ್ ಎಲ್ಲಿಂದ ಬರಬೇಕು? 1986ರ ನಮ್ಮ ರಾಜ್ಯದ ಸಾಗರ ಮೀನುಗಾರಿಕೆ ಕಾಯ್ದೆ ಐತೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲಿಂಗ್ ಬಂದ್ ಇರುತ್ತೆ, ಸರಿ. ಉಳಿದ ಹತ್ತು ತಿಂಗಳು ಬಲೆ ಕಣ್ಣಿನ ವಿಷಯ. ಡೈಮಂಡ್ ಕಣ್ಣಿನ ಬಲೆ ಎಳೆದಾಗ ಬಿಗಿದು ಕಣ್ಣು ಮುಚ್ಕೊಳ್ಳುತ್ತೆ, ಮರಿ ಆಚೆ ಹೋಗೋಕೆ ದಾರಿನೇ ಇರಲ್ಲ. ಮೀನು ಬಂದು ಸೇರೋ ಬಲೆಯ ತುದಿ ಚೀಲಕ್ಕೆ ಚೌಕ ಕಣ್ಣು ಹಾಕಿದ್ರೆ ಎಳೆದಾಗಲೂ ತೆರೆದೇ ಇರುತ್ತೆ, ಮರಿ ನುಸುಳಿ ಹೋಗುತ್ವೆ. ಬೋಟಿನವರನ್ನ ಮಾತ್ರ ಬೈದು ಪ್ರಯೋಜನ ಇಲ್ಲ, ಡೀಸೆಲ್ ಖರ್ಚು ಅವರ ತಲೆ ಮೇಲೆ ಐತೆ, ಮರಿಗೂ ದುಡ್ಡು ಸಿಗುತ್ತೆ ಅಂದ್ರೆ ಯಾರು ಬಿಡ್ತಾರೆ? ಆ ದುಡ್ಡು ಕೊಡೋರು ನಮ್ಮಂಥ ಒಳನಾಡಿನ ಫಾರಂನವರು.

ಅದಕ್ಕೆ ನಂದೊಂದು ಕೋರಿಕೆ, ಫೀಡಿಗೆ ಬರೋ ಮೂಟೆ ಮೇಲೆ ಯಾವ ಬಂದರು, ಯಾವ ತಿಂಗಳು, ಒಳಗೆ ಯಾವ್ಯಾವ ಮೀನು ಅಂತ ಬರೆಯೋದನ್ನ ಸರ್ಕಾರ ಕಡ್ಡಾಯ ಮಾಡ್ಲಿ. ನಾನು ಸದ್ಯಕ್ಕೆ ಒಣಮೀನು ನಿಲ್ಲಿಸಿ ಸೋಯಾ ಜಾಸ್ತಿ ಮಾಡೀನಿ, ಖರ್ಚು ಸ್ವಲ್ಪ ಏರಿದೆ, ಮೊಟ್ಟೆ ಕಮ್ಮಿ ಆಗಿಲ್ಲ. ಮಗಳು ಸಿಲ್ವರ್‌ಬೆಲ್ಲಿ ಬಾಯಿ ಮುಚ್ಚಿದ್ದು ಒಂದು, ತೆರೆದಿದ್ದು ಒಂದು ಚಿತ್ರ ಬರೆದಾಳೆ, ಜಾಗ ಇದ್ರೆ ಹಾಕ್ರಿ, ಪತ್ರದ ಜೊತೆ ಇಟ್ಟೀನಿ.

ಒಬ್ಬ ಕೋಳಿ ಸಾಕಣೆದಾರ, ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ