ಕಟಾವಾಗುವ ಅಕೇಶಿಯಾ ಗುಡ್ಡದಲ್ಲಿ ಮತ್ತೆ ಒಂದೇ ಜಾತಿ ನೆಡಬೇಡಿ: ಮನವಿ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಗ್ರಾಮ ಪಂಚಾಯಿತಿ ಹಾಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ

ವಿಷಯ: ಕೆರೆ ಮೇಲಿನ ಗುಡ್ಡದಲ್ಲಿ ಮಿಶ್ರ ಕಾಡುಜಾತಿ ನೆಡುವ ಬಗ್ಗೆ

ಮಾನ್ಯರೇ,

ಕೆರೆ ಮೇಲಿನ ಗುಡ್ಡದ ಅಕೇಶಿಯಾ ತೋಪು ಕಟಾವಿಗೆ ಬಂದಿದೆ. ಆ ಜಾಗಕ್ಕೆ ಮತ್ತೆ ಅಕೇಶಿಯಾ ಬೇಡ. ಅದರ ಬದಲು ಬರೀ ಸಿಲ್ವರ್ ಓಕ್, ಬರೀ ತೇಗ ಎಂದರೂ ನಮ್ಮ ಒಪ್ಪಿಗೆಯಿಲ್ಲ. ತಕರಾರು ಇರುವುದು ಯಾವ ಜಾತಿ ಎನ್ನುವುದಕ್ಕಿಂತ ಒಂದೇ ಜಾತಿ ಎನ್ನುವುದರ ಮೇಲೆ.

2019ರ ಆಗಸ್ಟ್‌ನಲ್ಲಿ ಮಲೆನಾಡಿಗೆ ಅತಿವೃಷ್ಟಿ, 2023ರಲ್ಲಿ ಮುಂಗಾರೇ ಕೈಕೊಟ್ಟಿತು. ಇಂಥ ಏರುಪೇರನ್ನು ಮರಗಳು ಒಂದೊಂದು ರೀತಿ ತಡೆದುಕೊಳ್ಳುತ್ತವೆ. ಮತ್ತಿ, ಹೊನ್ನೆ, ನಂದಿ ಬೇಸಿಗೆಗೆ ಎಲೆ ಉದುರಿಸಿ ನೀರು ಉಳಿಸಿಕೊಂಡರೆ, ನೇರಳೆ ಹಸಿರಾಗಿಯೇ ಇದ್ದು ಕೆಳಮಣ್ಣಿನ ನೀರಿಗೆ ಬೇರು ಇಳಿಸುತ್ತದೆ. ಒಂದು ಸೊರಗಿದ ವರ್ಷ ಇನ್ನೊಂದು ಚಿಗುರಿರುತ್ತದೆ, ಗುಡ್ಡ ಬೋಳಾಗುವುದಿಲ್ಲ. ಒಂದೇ ಜಾತಿಯಾದರೆ ಎಲ್ಲಕ್ಕೂ ಅದೇ ವರ್ಷ ಪೆಟ್ಟು. ಬಳ್ಳಿ ಹಬ್ಬಿಸುವ ಹಾಲವಾಣ ಮರಕ್ಕೆ ಏನಾಯಿತೆಂದು ಕಾಳುಮೆಣಸಿನವರಿಗೆ ಹೇಳಬೇಕಿಲ್ಲ: 2005ರ ಸುಮಾರಿಗೆ ಬಂದ ಗಂಟುಕಣಜ ಎಂಬ ಕೀಟ ಕೇರಳ, ಕರ್ನಾಟಕದ ತೋಟಗಳಲ್ಲಿ ಚಿಗುರು ಗಂಟುಗಟ್ಟಿಸಿ ಮರ ಒಣಗಿಸಿತು, ಹಬ್ಬಿದ ಬಳ್ಳಿಯೂ ನೆಲಕ್ಕೆ ಬಿತ್ತು. ಜರ್ಮನಿಯ ಹಾರ್ಟ್ಸ್ ಬೆಟ್ಟದ ಸ್ಪ್ರೂಸ್ ಎಂಬ ಸೂಜಿ ಎಲೆ ಮರದ ತೋಪುಗಳ ಕಥೆಯೂ ಅದೇ. 2018ರಿಂದ ಮೇಲಿಂದ ಮೇಲೆ ಬಂದ ಬರಕ್ಕೆ ದುಂಬಿಯನ್ನು ತಡೆಯುವ ಮರದ ಅಂಟು ಬತ್ತಿತು, ತೊಗಟೆ ದುಂಬಿ ಉಳಿದದ್ದನ್ನು ಮುಗಿಸಿತು.

ಮಿಶ್ರತೋಪು ನಿಧಾನ, ಲಾಭವಿಲ್ಲ ಎಂಬ ಮಾತು ಸಭೆಗಳಲ್ಲಿ ಬರುತ್ತದೆ. ಚೀನಾದ ಜಿಯಾಂಗ್ಷಿ ಪ್ರಾಂತ್ಯದಲ್ಲಿ 2009 ಮತ್ತು 2010ರಲ್ಲಿ ನೆಟ್ಟ ಪ್ರಯೋಗ ತೋಪುಗಳಲ್ಲಿ, 8 ವರ್ಷದ ಹೊತ್ತಿಗೆ 16 ಜಾತಿ ಬೆರೆಸಿದ ತಾಕುಗಳು ಒಂದೇ ಜಾತಿಯ ತಾಕುಗಳ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಇಂಗಾಲ ಹಿಡಿದಿದ್ದವು. ಎರಡು ವಾಣಿಜ್ಯ ಜಾತಿಗಳನ್ನು ಬೇರೆಬೇರೆಯಾಗಿ ನೆಟ್ಟ ತಾಕುಗಳು ಅವಕ್ಕೆ ಸರಿಸಮ ಬಂದದ್ದೂ ನಿಜ. ಆದರೆ ಆ ಎರಡಕ್ಕೆ ಕೀಟ ಬಿದ್ದರೆ ಪೂರ್ತಿ ಹೋಯಿತು.

ಇನ್ನು ಕೆಲಸದ ಮಾತು. ತೋಪನ್ನು ಒಂದೇ ಸಲ ನೆಲಸಮ ಮಾಡಬಾರದು. ಮೂರರಲ್ಲಿ ಒಂದು ಪಾಲನ್ನು ಪಟ್ಟಿಪಟ್ಟಿಯಾಗಿ ಬಿಟ್ಟರೆ ಎಳೆಗಿಡಕ್ಕೆ ನೆರಳಾಗುತ್ತದೆ. ಕಡಿದ ಸೊಪ್ಪಿಗೆ ಬೆಂಕಿ ಹಾಕುವುದಂತೂ ಬೇಡವೇ ಬೇಡ. ಅಕೇಶಿಯಾದ ಎಲೆ ಎಂದು ನಾವು ಕರೆಯುವುದು ಚಪ್ಪಟೆಯಾದ ತೊಟ್ಟು. ತೊಗಲಿನ ಹಾಗೆ ಗಟ್ಟಿ, ಬೇಗ ಕೊಳೆಯುವುದಿಲ್ಲ. ಕೆದಕಿದರೆ ಅಡಿಯಲ್ಲಿ ಕಿತ್ತಳೆ ಬಣ್ಣದ ದಾರ ಸುತ್ತಿಕೊಂಡ ಕಪ್ಪು ಬೀಜಗಳು ಸಿಗುತ್ತವೆ. ಸಿಪ್ಪೆ ಗಟ್ಟಿಯಾದ ಈ ಬೀಜ ಬಿಸಿ ತಾಗಿದರೆ ಬಿರಿದು, ಮೊದಲ ಮಳೆಗೆ ಗುಡ್ಡದ ತುಂಬ ಮೊಳೆಯುತ್ತದೆ. ಬೆಂಕಿ ಹಾಕದಿದ್ದರೂ ಒಂದಿಷ್ಟು ಹುಟ್ಟಿಯೇ ತೀರುತ್ತದೆ. ಮೂರು ವರ್ಷ, ಆಗಸ್ಟ್‌ನಲ್ಲಿ ಮಣ್ಣು ಮೆತ್ತಗಿರುವಾಗ ಕೈಯಿಂದ ಕೀಳಿಸಬೇಕು.

10 ಅಡಿ ಅಂತರದಲ್ಲಿ ಎಕರೆಗೆ 435 ಗುಂಡಿ ಬರುತ್ತವೆ. ಯಾವ ಜಾತಿಯೂ ನೂರಕ್ಕೆ 10, ಯಾವ ಕುಲವೂ (ಹತ್ತಿರದ ಜಾತಿಗಳ ಗುಂಪು) 20, ಯಾವ ಕುಟುಂಬವೂ (ಹತ್ತಿರದ ಕುಲಗಳ ಗುಂಪು) 30 ಮೀರಬಾರದು ಎಂಬುದು ಅಮೆರಿಕದ ಮರವಿಜ್ಞಾನಿ ಫ್ರಾಂಕ್ ಸ್ಯಾಂಟಮೋರ್ 1990ರಲ್ಲಿ ನಗರದ ಮರಗಳಿಗೆ ಹೇಳಿದ ಅಳತೆ. ನಮ್ಮ ಗುಡ್ಡಕ್ಕೂ ಸಾಕು. ಮತ್ತಿ, ಕಿಂದಳ, ತಾರೆ, ಅಳಲೆ ಎಂದು ಬರೆದು ನಾಲ್ಕು ಜಾತಿ ಆಯಿತು ಎನ್ನುವವರಿದ್ದಾರೆ. ನಾಲ್ಕೂ ಒಂದೇ ಕುಲದವು, ನಾಲ್ಕೂ ಸೇರಿ ಎಕರೆಗೆ 87 ದಾಟಬಾರದು.

ಗಿಡಗಳನ್ನು ಒಂದು ಬಿಟ್ಟು ಒಂದರಂತೆ ಬೆರೆಸಿದರೆ ಬೇಗ ಬೆಳೆಯುವುದು ನಿಧಾನದ್ದನ್ನು ಅಡಗಿಸುತ್ತದೆ. ಸಾಲಿಗೆ ಮೂರರಂತೆ 9 ಗಿಡದ ಗುಂಪು ಮಾಡಿ. ಮುರುಗಲು, ರಾಮಪತ್ರೆಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂಟಿ ಗಿಡ ನೆಟ್ಟರೆ ಕಾಯಿ ಕಾಣುವ ಖಾತರಿಯಿಲ್ಲ. ಮೊದಲ ವರ್ಷ ಬಿಸಿಲು ತಾಳುವ ನೇರಳೆ, ಹೊನ್ನೆ, ಮತ್ತಿ, ನಂದಿ ಹಾಕಿ. ರಾಮಪತ್ರೆ ನಾಲ್ಕನೇ ವರ್ಷ ನೆರಳಿನಲ್ಲಿ. ಬಯಲಿಗೆ ಇಟ್ಟರೆ ಮೊದಲ ಬೇಸಿಗೆಗೇ ಸುಟ್ಟುಹೋಗುತ್ತದೆ.

ಒಂದೂವರೆ ಅಡಿಯ ಗುಂಡಿಗಳನ್ನು ಏಪ್ರಿಲ್ ಒಳಗೆ ತೋಡಿಸಿ, ನೆಲ ಚೆನ್ನಾಗಿ ನೆನೆದ ಮೇಲೆ ನೆಡಿಸಬೇಕು. ಮಣ್ಣು ಸುತ್ತಲಿನ ನೆಲಕ್ಕಿಂತ ತುಸು ಎತ್ತರಕ್ಕೆ ಬರಲಿ. ತಗ್ಗಾದರೆ ನಮ್ಮ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ. ಕೊಟ್ಟೆಯ ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಕತ್ತರಿಸಿಯೇ ಇಡಬೇಕು, ಇಲ್ಲದಿದ್ದರೆ ನಾಲ್ಕೈದು ವರ್ಷದ ಮರ ಒಂದು ಗಾಳಿಗೆ ಬುಡಸಮೇತ ಒರಗುತ್ತದೆ.

ಇಷ್ಟೆಲ್ಲ ಇದ್ದೂ ಕೆಲಸ ಕೆಡುವುದು ನರ್ಸರಿಯಲ್ಲಿ. ಬೇಡಿಕೆ ಪಟ್ಟಿಯಲ್ಲಿ ‘ಕಾಡುಜಾತಿ’ ಎಂದಷ್ಟೇ ಬರೆದರೆ ಜೂನ್‌ನಲ್ಲಿ ಲಾರಿಯಿಂದ ಇಳಿಯುವುದು ಇದ್ದ ಎರಡು ಮೂರು ಜಾತಿ. ನೇರಳೆ, ಹಲಸು, ರಾಮಪತ್ರೆಯ ಬೀಜ ಒಣಗಿದರೆ ಸತ್ತಂತೆ. ಹಣ್ಣಾದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಉಪ್ಪಾಗೆ ಮೊಳೆಯಲು ತಿಂಗಳುಗಟ್ಟಲೆ ಬೇಕು. ಕಿಂದಳದಲ್ಲಿ ಜೊಳ್ಳೇ ಜಾಸ್ತಿ, ಹತ್ತು ಪಾಲು ಹೆಚ್ಚು ಬಿತ್ತಿದರೂ ತಪ್ಪಲ್ಲ. ಆದ್ದರಿಂದ ಬೇಡಿಕೆ ನೆಡುವ ಮುಂಚಿನ ವರ್ಷವೇ, ಜಾತಿವಾರು ಸಂಖ್ಯೆ ಸಮೇತ ಹೋಗಬೇಕು. ಪಟ್ಟಿಯನ್ನು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಿಂದಲೇ ಆರಿಸಬಹುದು.

ನೆಟ್ಟ ಗಿಡದ ಲೆಕ್ಕಕ್ಕೆ ಬಿಲ್ ಪಾಸ್ ಮಾಡುವುದರ ಜೊತೆಗೆ, ಮೂರನೇ ಬೇಸಿಗೆ ಕಳೆದ ಮೇಲೆ ಯಾವ ಜಾತಿಯಲ್ಲಿ ಎಷ್ಟು ಉಳಿದಿವೆ ಎಂಬ ಎಣಿಕೆ ಗ್ರಾಮಸಭೆಯ ಮುಂದೆ ಬರಬೇಕು. ಕಟಾವಿನ ಹರಾಜಿಗೆ ಮೊದಲು ಈ ವಿಷಯವನ್ನು ಗ್ರಾಮಸಭೆಯ ಕಾರ್ಯಸೂಚಿಗೆ ಸೇರಿಸಿ, ಪಟ್ಟಿಪಟ್ಟಿ ಕಟಾವಿನ ಷರತ್ತನ್ನು ಹರಾಜು ಪ್ರಕಟಣೆಯಲ್ಲೇ ನಮೂದಿಸಬೇಕೆಂದು ಕೋರುತ್ತೇವೆ. ಬೀಜ ಆಯಲು ಮತ್ತು ಗುಂಡಿ ಗುರುತು ಹಾಕಲು ನಮ್ಮ ಕೇರಿಗಳಿಂದ ಜನ ಬರುತ್ತಾರೆ.

ಇಂತಿ,
ಗುಡ್ಡದ ಕೆಳಗಿನ ಕೇರಿಗಳ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)