ಪೆಟ್ ಸ್ಕ್ಯಾನ್‌ಗೆ ಜೊತೆ ಹೋಗುವವರಿಗೆ

ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ ಊರಿಂದ ಬಂದ ಇಬ್ಬರು ರೋಗಿಗಳಿಗೆ ಮುಂಬೈನ ಪರೇಲ್‌ನಲ್ಲಿ ಪೆಟ್ ಸ್ಕ್ಯಾನ್ (ಮೈಯಲ್ಲಿ ಕ್ಯಾನ್ಸರ್ ಎಲ್ಲಿದೆ ಅಂತ ನೋಡುವ ಪರೀಕ್ಷೆ) ಇದೆ. ಜೊತೆಗೆ ಇಬ್ಬರು ಬೇಕು. 7 ಗಂಟೆಗೆ ದಾದರ್ ಪೂರ್ವದ ಟಿಕೆಟ್ ಕೌಂಟರ್ ಹತ್ತಿರ ಸೇರೋಣ.

ಕಳೆದ ಸಲ ಒಬ್ಬ ರೋಗಿ ಸ್ಕ್ಯಾನ್‌ಗೆ ಮೊದಲು ಅರ್ಧ ಕಪ್ ಸಕ್ಕರೆ ಚಹಾ ಕುಡಿದುಬಿಟ್ಟರು. ಸ್ಕ್ಯಾನ್ ಮುಂದಕ್ಕೆ ಹೋಯಿತು. ಯಾಕೆಂದರೆ ಚುಚ್ಚುವ ಔಷಧಿಯೇ ಒಂಥರಾ ಸಕ್ಕರೆ, ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿರುತ್ತಾರೆ. ಹೆಚ್ಚಿನ ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತವೆ; ಚಹಾದ ಸಕ್ಕರೆ ರಕ್ತದಲ್ಲಿದ್ದರೆ ಈ ಔಷಧಿಯನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಔಷಧಿ ಸೇರಿದ ಜಾಗದಿಂದ ಹೊರಡುವ ಕಿರಣಗಳನ್ನು ಯಂತ್ರ ಹಿಡಿಯುತ್ತದೆ. ಸಿಟಿ ಸ್ಕ್ಯಾನ್ ಗಡ್ಡೆಯ ಆಕಾರ ತೋರಿಸಿದರೆ, ಪೆಟ್ ಅದರ ಚಟುವಟಿಕೆ ತೋರಿಸುತ್ತದೆ. ಮಿದುಳು, ಮೂತ್ರಕೋಶ ಎಲ್ಲರಲ್ಲೂ ಹೊಳೆಯುತ್ತವೆ. ಚಿತ್ರ ನೋಡಿ ನೀವೇ ಅರ್ಥ ಹೇಳಲು ಹೋಗಬೇಡಿ!

ರೋಗಿಗಳು ಇಂಜೆಕ್ಷನ್‌ಗೆ ಮೊದಲು ಸುಮಾರು 6 ಗಂಟೆ ಖಾಲಿ ಹೊಟ್ಟೆ, ಬರೀ ನೀರು. ಡಯಾಬಿಟಿಸ್ ಇದ್ದವರು ಇನ್ಸುಲಿನ್, ಮಾತ್ರೆ ಬಗ್ಗೆ ಮೊದಲೇ ಅಲ್ಲಿ ಕೇಳಬೇಕು. ಇಂಜೆಕ್ಷನ್ ಆದಮೇಲೆ ಹೆಚ್ಚುಕಡಿಮೆ ಒಂದು ಗಂಟೆ ಸುಮ್ನೆ ಮಲಗಿರಬೇಕು, ಹರಟೆಯೂ ಬೇಡ. ವಿಕಿರಣ 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಆದರೂ ಅವತ್ತು ಸ್ಕ್ಯಾನ್ ಆದವರಿಂದ ಬಸುರಿಯರು, ಚಿಕ್ಕ ಮಕ್ಕಳು ದೂರ ಇರಲಿ. ಹಾಗಾಗಿ ಬಸುರಿಯರು ಜೊತೆ ಬರುವುದು ಬೇಡ.

ಬರುವವರು ನಾಳೆ ರಾತ್ರಿಯೊಳಗೆ ಹೆಸರು ಬರೆಯಿರಿ. ಬರೀ ಹೆಬ್ಬೆಟ್ಟಿನ ಇಮೋಜಿ ಒತ್ತಿದರೆ ಯಾರು ಬರುತ್ತಾರೆ ಅಂತ ಗೊತ್ತಾಗಲ್ಲ, ಅಲ್ವಾ?