ಬಾಗೇಪಲ್ಲಿ ಕಡೆಯ ಆ ಆಶಾ ಕಾರ್ಯಕರ್ತೆ ಅಕ್ಕನಿಗೆ

ನಮ್ಮ ಆರೋಗ್ಯ ಶಿಬಿರದಲ್ಲಿ ಬಿಪಿ, ಶುಗರ್‌ಗೆ ಸಾಲು ನಿಂತಿದ್ದ ಹೆಂಗಸರು ಸ್ತನ ತಪಾಸಣೆ ಎಂದ ಕೂಡಲೇ ಒಬ್ಬೊಬ್ಬರಾಗಿ ಜಾರಿಕೊಂಡರು. ಕಿಟಕಿಗೆ ಪರದೆಯಿಲ್ಲ, ಹೊರಗೆ ಗಂಡಸರು, ಇನ್ನೇನಾದೀತು! ಶಿಬಿರ ಎತ್ತುವ ಹೊತ್ತಿಗೆ ನೀವು ಬಂದಿರಿ.

ಮೊದಲು ಕಿಟಕಿಗೆ ಹಳೇ ಸೀರೆ ಕಟ್ಟಿದಿರಿ. ಗಂಡಸರನ್ನು ಅರಳಿಕಟ್ಟೆಗೆ ಅಟ್ಟಿದಿರಿ. ಆಮೇಲೆ ತೆಲುಗಿನಲ್ಲೇ ಮಾತು: 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಸಿಸ್ಟರ್ ಕೈಯಲ್ಲೇ ಮುಟ್ಟಿ ನೋಡುತ್ತಾರೆ, ಸೂಜಿಯಿಲ್ಲ, ದುಡ್ಡಿಲ್ಲ. ಗಂಟು ಹೀಗೆ ಸಿಗುತ್ತದೆಂದು ಮಡಿಸಿದ ಟವೆಲ್ಲಿನೊಳಗೆ ಹುಣಸೆಬೀಜ ಇಟ್ಟು ಹುಡುಕಿಸಿದಿರಿ. ಉಗುರ ತುದಿಯಲ್ಲಿ ಚುಚ್ಚಿದವರಿಗೆ ಸಿಗಲಿಲ್ಲ. ನಡುವಿನ 3 ಬೆರಳಿನ ಮೆತ್ತನೆ ಭಾಗದಿಂದ ಮೊದಲು ಹಗುರವಾಗಿ, ಆಮೇಲೆ ತುಸು ಒತ್ತಿ, ಕೊನೆಗೆ ಗಟ್ಟಿಯಾಗಿ ಸುತ್ತಿದಾಗ ಸಿಕ್ಕಿತು. ಕಂಕುಳನ್ನೂ ಬಿಡಬೇಡಿ ಎಂದಿರಿ. ಅಷ್ಟು ಚೆನ್ನಾಗಿ ನಮ್ಮ ಚಾರ್ಟೂ ಹೇಳದು.

"ನೋವೇ ಇಲ್ವಲ್ಲ" ಎಂದು ಗಂಟು ಮುಚ್ಚಿಟ್ಟಿದ್ದ ಅಜ್ಜಿಯನ್ನು ಗದರಲಿಲ್ಲ. ಗಂಟೆಲ್ಲ ಕ್ಯಾನ್ಸರ್ ಅಲ್ಲ, ಆದರೆ ನೋವಿಲ್ಲದ್ದನ್ನೂ ಬೇಗ ತೋರಿಸಬೇಕು ಎಂದು ಕೈ ಹಿಡಿದು ಕೂತಿರಿ. ದೊಡ್ಡಾಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿಗೆ ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಪಿನ್ ಮಾಡಿದಿರಿ. ಕಾಗದ ಸಾಲದೆ ಕೌಂಟರಿನಿಂದಲೇ ವಾಪಸಾಗುವವರು ಎಷ್ಟೋ ಮಂದಿ. ಚೀಟಿಯ ಹಿಂದೆ ಬಸ್ಸಿನ ಹೊತ್ತನ್ನೂ ಬರೆದಿರಿ.

ನಮ್ಮ ಜೀವಕ್ಕೆ ಸಮಾಧಾನವಾಯಿತು. ಹೆಸರು ಕೇಳುವಷ್ಟರಲ್ಲಿ ಇನ್ನೊಂದು ಮನೆಗೆ ಹೊರಟಿದ್ದಿರಿ. ಧನ್ಯವಾದ ಅಕ್ಕಾ.